ವಂದಾಮಿ, ಮಾತಾಜಿ

ಯಾರನ್ನು ಏನೆಂದು ಕರೆಯಬೇಕು ಎಂಬ ವಿಷಯದಲ್ಲಿ ಕೊಲ್ಕತ್ತಾದ ಕನ್ನಡಿಗರಿಗೆ ಪ್ರಫುಲ್ಲಾಳ ಮಾತೇ ಕೊನೆಯ ಮಾತು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಯಾವುದಾದರೂ ಮಠದ ಸ್ವಾಮಿಗಳು ಬರುತ್ತಾರೆಂದರೆ ಆಮಂತ್ರಣ ಪತ್ರಿಕೆಯ ಕರಡು ಅಚ್ಚಿಗೆ ಹೋಗುವ ಮೊದಲು ಲೇಕ್ ಗಾರ್ಡನ್ಸಿನ ಅವಳ ಮನೆಗೆ ಬರಬೇಕು. ಇವರು ಜಗದ್ಗುರುಗಳೋ, ಶ್ರೀಗಳೋ, ಶರಣರೋ. ಹೆಸರಿನ ಹಿಂದೆ ಎಷ್ಟು 'ಶ್ರೀ' ಬೇಕು. ವೇದಿಕೆಗೆ 'ದಯಮಾಡಿಸಬೇಕು' ಅನ್ನಬೇಕೋ 'ಬಿಜಯಂಗೈಯಬೇಕು' ಅನ್ನಬೇಕೋ, ಎಲ್ಲವನ್ನೂ ಅವಳು ಕನ್ನಡಕ ಮೂಗಿನ ತುದಿಗೆ ತಂದುಕೊಂಡು ತಿದ್ದುತ್ತಿದ್ದಳು. ಒಮ್ಮೆ ಸಂಘದ ಕಾರ್ಯದರ್ಶಿ ವಿಶ್ವೇಶ್ವರ, ಅತಿಥಿಯಾಗಿ ಬಂದ ಬಿಷಪ್ ಒಬ್ಬರನ್ನು ಮೈಕಿನಲ್ಲಿ 'ಪಾದ್ರಿಗಳು' ಎಂದುಬಿಟ್ಟ. ಮೊದಲ ಸಾಲಿನಲ್ಲಿ ಕೂತಿದ್ದ ಪ್ರಫುಲ್ಲಾ ಎದ್ದು ಹೋಗಿ ಚೀಟಿ ಕೊಟ್ಟು ಬಂದಳು. ಬಿಷಪ್ ನಕ್ಕು ಸುಮ್ಮನಾದರು. ವಿಶ್ವೇಶ್ವರ ಮಾತ್ರ ಆಮೇಲೆ ಆರು ತಿಂಗಳು ಅವಳ ಕಣ್ಣಿಗೆ ಬೀಳದಂತೆ ಓಡಾಡಿದ.

ಬಂಗಾಳಿಗಳನ್ನೂ ಅವಳು ಬಿಟ್ಟವಳಲ್ಲ. ಓಣಿಯ ದುರ್ಗಾಪೂಜೆಗೆ ಬರುವ ಪುರೋಹಿತರನ್ನು ಅಲ್ಲಿನ ಹುಡುಗರು ಸಲಿಗೆಯಿಂದ ಹೆಸರು ಹಿಡಿದೇ ಕೂಗುತ್ತಿದ್ದರು. ಪ್ರಫುಲ್ಲಾ ಮಾತ್ರ ತನ್ನ ಹರಕು ಬಂಗಾಳಿಯಲ್ಲಿ 'ಠಾಕುರ್ ಮೊಶಾಯ್' ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಮೂವತ್ತೊಂದು ವರ್ಷಗಳಿಂದ ಅವಳಿಗೆ ಪ್ರಸಾದದ ಮೊದಲ ಎಲೆ ತಪ್ಪಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಹುಕ್ಕೇರಿ ಕಡೆಯ ಹಳ್ಳಿಯ ಅಜ್ಜಿಯಿಂದ. ದಿಗಂಬರ ಜೈನರ ಮನೆಯಲ್ಲಿ ಮಕ್ಕಳಿಗೆ ಇದು ಮಗ್ಗಿಯ ಜೊತೆಗೇ ಬಾಯಿಪಾಠ. ಮುನಿ ಮಹಾರಾಜರು ಎದುರಾದರೆ 'ನಮೋಸ್ತು'. ಬಿಳಿ ಸೀರೆಯುಟ್ಟ ಸಂನ್ಯಾಸಿನಿಯರು, ಅಂದರೆ ಆರ್ಯಿಕೆಯರು, ಎದುರಾದರೆ 'ವಂದಾಮಿ'. ಅವರನ್ನು ಕರೆಯುವುದು 'ಮಾತಾಜಿ' ಎಂದು. ಪೂರ್ತಿ ದೀಕ್ಷೆಗೆ ಇನ್ನೂ ಮೆಟ್ಟಿಲು ಉಳಿದಿರುವ ಕ್ಷುಲ್ಲಕರಿಗೆ 'ಇಚ್ಛಾಮಿ'. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೇರಿಗೂ ಉಳಿದ ಲೋಕಕ್ಕೂ 'ಜೈ ಜಿನೇಂದ್ರ'. ಒಬ್ಬರದನ್ನು ಇನ್ನೊಬ್ಬರಿಗೆ ಅಂದರೆ ಅಜ್ಜಿಯ ಬೆರಳ ಗೆಣ್ಣು ತಲೆಯ ಮೇಲೆ ಟಕ್ಕೆನ್ನುತ್ತಿತ್ತು. ಪ್ರಫುಲ್ಲಾ ಒಮ್ಮೆಯೂ ಕುಟ್ಟಿಸಿಕೊಂಡವಳಲ್ಲ.

ಇಂಥ ಪ್ರಫುಲ್ಲಾಳಿಗೆ ಒಬ್ಬರನ್ನು ಕರೆಯಬೇಕಾದಂತೆ ಕರೆಯಲು ಹನ್ನೆರಡು ವರ್ಷ ಬಾಯಿ ಬರಲಿಲ್ಲ. ಆ ಒಬ್ಬರು ಅವಳ ಒಡಹುಟ್ಟಿದ ತಂಗಿ.

ಅವ್ವ ತೀರಿಕೊಂಡಾಗ ಜಲಜಾಳಿಗೆ ಎರಡು ವರ್ಷ, ಪ್ರಫುಲ್ಲಾಳಿಗೆ ಹದಿನೇಳು. ಅಲ್ಲಿಂದ ಮುಂದೆ ಆ ಕೂಸಿಗೆ ಉಣಿಸಿದ್ದು, ತಲೆಗೆ ಎಣ್ಣೆ ಹಚ್ಚಿದ್ದು, ಹೆರಳು ಹಾಕಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ಇವಳೇ. ಜಲಜಾ ಆಟಕ್ಕೆ ಬಿದ್ದರೆ ಹಸಿವೆಯ ಪರಿವೆ ಇಲ್ಲದ ಹುಡುಗಿ. ಮಧ್ಯಾಹ್ನ ಹೊಸ್ತಿಲ ಮೇಲೆ ನಿಂತು 'ಜಲೀ, ಉಣ್ಣಾಕ ಬಾ' ಎಂದು ಮೂರು ಸಲ ಕೂಗದಿದ್ದರೆ ಅವಳು ಮನೆಗೆ ಬರುತ್ತಿರಲಿಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ ಭರತೇಶನನ್ನು ಮದುವೆಯಾಗಿ ಕೊಲ್ಕತ್ತಾಕ್ಕೆ ಬರುವಾಗ ಪ್ರಫುಲ್ಲಾ ಹಾಕಿದ್ದ ಷರತ್ತು ಒಂದೇ: ಶಾಲೆಗೆ ರಜೆ ಬಂದಾಗಲೆಲ್ಲ ತಂಗಿ ತನ್ನ ಹತ್ತಿರ ಇರಬೇಕು. ಭರತೇಶ ಒಪ್ಪಿದ. ಹೆಂಡತಿಯ ಜೊತೆ ಅರ್ಧ ಮಗಳೂ ಬಂದಳು ಎಂದು ಅವನು ಗೆಳೆಯರ ಮುಂದೆ ಚೇಷ್ಟೆ ಮಾಡುತ್ತಿದ್ದ.

ಜಲಜಾ ಓದಿ ಬೆಳಗಾವಿಯಲ್ಲಿ ಗಣಿತದ ಲೆಕ್ಚರರ್ ಆದಳು. ಪ್ರಫುಲ್ಲಾ ವರ ನೋಡತೊಡಗಿದಳು. ನಾಲ್ಕನೆಯ ವರನ ಜಾತಕ ಕೈಗೆ ಬಂದ ವಾರವೇ ಜಲಜಾಳ ಫೋನು ಬಂತು. ತಾನು ಆರ್ಯಿಕಾ ದೀಕ್ಷೆ ತೆಗೆದುಕೊಳ್ಳುವವಳಿದ್ದೇನೆ, ಗುರುಗಳ ಒಪ್ಪಿಗೆ ಸಿಕ್ಕಿದೆ, ಅಕ್ಕ ಬಂದು ಹರಸಬೇಕು ಎಂದಳು.

ಪ್ರಫುಲ್ಲಾ ಮೊದಲು ತಿಳಿಹೇಳಿದಳು, ಆಮೇಲೆ ಬೈದಳು, ಆಮೇಲೆ ಅತ್ತಳು. ಯಾವುದಕ್ಕೂ ಆ ಕಡೆ ದನಿ ಏರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ನೀ ಏನರ ಮಾಡಕೋ," ಎಂದಳು. "ನಾ ಸಾಯೂತನಕ ನಿನಗ ಮಾತಾಜಿ ಅನ್ನಂಗಿಲ್ಲ. ಮಾತಾಜಿ ಅನ್ನಾಕ ನಾ ನಿನ್ನ ಜೋಪಾನ ಮಾಡಿಲ್ಲ."

"ಆತಕ್ಕಾ," ಎಂದಳು ಜಲಜಾ. ಫೋನು ಇಟ್ಟಳು.

ದೀಕ್ಷೆಗೆ ಭರತೇಶ ಹೋದ, ಆಗ ಹನ್ನೆರಡು ವರ್ಷದವಳಾಗಿದ್ದ ಮಗಳು ಪೂರ್ವಿಯನ್ನೂ ಕರೆದುಕೊಂಡು ಹೋದ. ಪ್ರಫುಲ್ಲಾ ಲೇಕ್ ಗಾರ್ಡನ್ಸಿನ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಳು. ತಿರುಗಿ ಬಂದ ಪೂರ್ವಿ ತನ್ನ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಜಲಜಾ ಮಾವಶಿ ಎಲ್ಲರ ಎದುರು ಕೂತು ತಲೆಗೂದಲನ್ನು ತನ್ನ ಕೈಯಿಂದಲೇ ಕಿತ್ತು ತೆಗೆದಳೆಂದು, ಒಂದು ಸಲವೂ 'ಹಾ' ಅನ್ನಲಿಲ್ಲವೆಂದು ಹೇಳಿದಳು. ಪ್ರಫುಲ್ಲಾ ಕೇಳಿಸಿಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಅವಳು ಎಣ್ಣೆ ಹಚ್ಚಿ ಬೆಳೆಸಿದ ಕೂದಲು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ವರ್ಷ ಕಳೆದಂತೆ ಸಿಟ್ಟು ಇಳಿಯಿತು, ಆಡಿದ ಮಾತು ಮಾತ್ರ ಹಾಗೇ ನಿಂತಿತು. ಜಲಜಾ ಈಗ ಧವಳಮತಿ ಮಾತಾಜಿ. ಊರಿಂದೂರಿಗೆ ಬರಿಗಾಲಲ್ಲಿ ನಡೆಯುವವಳಿಗೆ ಫೋನಿಲ್ಲ, ಪತ್ರವಿಲ್ಲ. ಹೋಗಿ ನೋಡಬೇಕೆಂದರೆ ಎದುರಿಗೆ ನಿಂತು ಕೈಮುಗಿದು ಆ ಪದ ಅನ್ನಲೇಬೇಕು. ಅನ್ನುವುದಿಲ್ಲವೆಂದು ಅಂದಾಗಿದೆ. ಹೀಗಾಗಿ ಪ್ರಫುಲ್ಲಾ ಹೋಗಲೇ ಇಲ್ಲ.

ಆದರೆ ಈ ವರ್ಷ ಮಳೆಗಾಲದ ನಾಲ್ಕು ತಿಂಗಳ ವಾಸಕ್ಕೆ ಮೂವರು ಆರ್ಯಿಕೆಯರ ಸಣ್ಣ ಸಂಘವೊಂದು ಕೊಲ್ಕತ್ತಾಕ್ಕೇ ನಡೆದು ಬಂತು. ಡಮ್ ಡಮ್ ಕಡೆಯ ಒಂದು ಧರ್ಮಶಾಲೆಯಲ್ಲಿ ಇಳಿಯಿತು. ಮೂವರಲ್ಲಿ ಒಬ್ಬರು ಧವಳಮತಿ.

ಭರತೇಶ ಪ್ರತಿ ಭಾನುವಾರ ಮೆಟ್ರೋ ಹತ್ತಿ ಹೋಗಿ ದರ್ಶನ ಮಾಡಿ ಬರುತ್ತಿದ್ದ. ಹೆಂಡತಿಯನ್ನು ಬಾ ಎನ್ನಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅಷ್ಟು ಬುದ್ಧಿ ಅವನಿಗೆ ಬಂದಿತ್ತು. ಬಂದವನು ಕೇಳದೆಯೇ ಎರಡು ಮಾತು ಹೇಳುತ್ತಿದ್ದ: ಸಣ್ಣಗಾಗಿದ್ದಾರೆ, ಪ್ರವಚನ ಚೆನ್ನಾಗಿ ಹೇಳುತ್ತಾರೆ. ಪ್ರಫುಲ್ಲಾ ಕೇಳಿಸದವಳಂತೆ ಚಪಾತಿ ಲಟ್ಟಿಸುತ್ತಿದ್ದಳು. ದೀಪಾವಳಿ ಹತ್ತಿರ ಬಂದಾಗ ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟಳು, ಅವಳು ತನ್ನನ್ನು ವಿಚಾರಿಸಿದಳೇ ಎಂದು.

"ಇಲ್ಲ," ಎಂದ ಭರತೇಶ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ನಾಕ ತಿಂಗಳಾಗ ಒಂದ್ ಸಲನೂ?"

"ಇಲ್ಲ, ಪ್ರಫುಲ್ಲಾ. ದೀಪಾವಳಿ ಆದ ಮೂರನೇ ದಿನ ಸಂಘ ಹೊಂಡತದ. ಶಿಖರ್ಜೀ ಯಾತ್ರಾ ಮುಗಿಸಿ ಅಲ್ಲಿಂದ ಉತ್ತರದ ಕಡೆ. ಇನ್ನ ಈ ಕಡೆ ಬರೂದು ಅನುಮಾನ."

ಆ ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ತಾನು ಕರೆಯದಿದ್ದರೂ ಅವಳು ತನ್ನನ್ನು ನೆನೆಯುತ್ತಿರುತ್ತಾಳೆ ಎಂಬ ಒಂದು ನಂಬಿಕೆಯ ಮೇಲೆ ಹನ್ನೆರಡು ವರ್ಷ ಹಠ ಸಾಗಿತ್ತು. ಈಗ ನೋಡಿದರೆ ಅವಳು ಕೂದಲಿನ ಜೊತೆ ಅಕ್ಕನನ್ನೂ ಕಿತ್ತು ಹಾಕಿದ್ದಾಳೆ. ಬೆಳಿಗ್ಗೆ ಎದ್ದವಳೇ, ಚೌಕ ಹಾಕುತ್ತೇನೆ ಎಂದಳು. ಒಂದು ಸಲ ನನ್ನ ಕೈಯಿಂದ ಉಂಡು ಹೋಗಲಿ, ಆಮೇಲೆ ಎಲ್ಲಿಗಾದರೂ ನಡೆಯಲಿ.

ಚೌಕ ಹಾಕುವುದೆಂದರೆ ಹುಡುಗಾಟವಲ್ಲ. ಆರ್ಯಿಕೆಯರು ಯಾರ ಮನೆಗೂ ಹೇಳಿ ಬರುವುದಿಲ್ಲ. ದಿನಕ್ಕೆ ಒಂದೇ ಊಟ. ಬೆಳಿಗ್ಗೆ ಅವರು ಮೌನವಾಗಿ ಹೊರಡುತ್ತಾರೆ. ದಾರಿಯುದ್ದಕ್ಕೂ ಗೃಹಸ್ಥರು ಮಡಿಯಲ್ಲಿ ಅಡುಗೆ ಮಾಡಿಟ್ಟುಕೊಂಡು, ಕಳಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಆರ್ಯಿಕೆ ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಂಡಿರುತ್ತಾರೆ: ಇಂಥದ್ದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುವುದು ಎಂದು. ಅದು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಎಲ್ಲೂ ಕೂಡಿಬರದಿದ್ದರೆ ಅಂದು ಉಪವಾಸ.

ಧರ್ಮಶಾಲೆಯ ಓಣಿಯಲ್ಲೇ ಜಾಗ ಬೇಕು, ನಲ್ಲಿಯ ನೀರು ನಡೆಯದು, ಬಾವಿ ಬೇಕು, ಮೀನು ಮಾಂಸ ಹೊಕ್ಕ ಅಡುಗೆಮನೆ ಆಗದು. ಕೊಲ್ಕತ್ತಾದಲ್ಲಿ ಮೀನು ಹೊಗದ ಅಡುಗೆಮನೆ ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತಂದಂತೆಯೇ. ಆದರೂ ಸಿಕ್ಕಿತು. ಒಬ್ಬ ಎಂಬತ್ತು ವರ್ಷದ ಬಂಗಾಳಿ ವಿಧವೆ, ಗಂಡ ಸತ್ತ ನಲವತ್ತು ವರ್ಷಗಳಿಂದ ಮೀನು ಮುಟ್ಟದೆ, ಈರುಳ್ಳಿಯನ್ನೂ ಒಳಗೆ ಬಿಡದೆ ಬದುಕಿದ್ದಾಕೆ. ಓಣಿಗೆಲ್ಲ ಆಕೆ ಮಾಶಿಮಾ. ಹಿತ್ತಲಲ್ಲಿ ಹಳೆಯ ಬಾವಿ ಇತ್ತು. ಮಡಿಯ ಕಟ್ಟಳೆಗಳನ್ನು ಪ್ರಫುಲ್ಲಾ ಹೆದರುತ್ತ ಹೇಳಿದಾಗ ಮಾಶಿಮಾ ಅವಳಿಗಿಂತ ಒಂದು ಕೈ ಮೇಲಾಗಿ, ಮಗನನ್ನೂ ಸೊಸೆಯನ್ನೂ ಎರಡು ದಿನ ಮಹಡಿಯಿಂದ ಇಳಿಯಬೇಡಿ ಎಂದು ತಾಕೀತು ಮಾಡಿದಳು.

ಅವಳು ಕೇಳಿದ್ದು ಒಂದೇ ಪ್ರಶ್ನೆ. ಆ ಶಾಧು-ಮಾ ನಿನಗೆ ಏನಾಗಬೇಕು?

ಪ್ರಫುಲ್ಲಾ ತಡವರಿಸಿದಳು. ನಮ್ಮ ಧರ್ಮದವರು ಎಂದು ಹೇಳಿ ಹಗ್ಗ ಕೊಡ ಹಿಡಿದು ಬಾವಿಯ ಕಡೆ ಹೋದಳು.

ದೀಪಾವಳಿಯ ಮರುದಿನ ಅವಳೂ ಭರತೇಶನೂ ಪೂರ್ವಿಯೂ ಬೆಳಗಿನ ಮೊದಲ ಮೆಟ್ರೋ ಹಿಡಿದು ಬಂದರು. ಲೇಕ್ ಮಾರ್ಕೆಟಿನಲ್ಲಿ ಆರಿಸಿ ತಂದ ತೆಂಗಿನಕಾಯಿ, ಮನೆಯಲ್ಲೇ ಬೀಸಿದ ಹಿಟ್ಟು, ತೊಳೆದು ಒಣಗಿಸಿದ ಗೋಧಿ. ಜಲಜಾಳಿಗೆ ಬಲು ಇಷ್ಟವಾದ ಗೋಧಿ ಹುಗ್ಗಿ ಮಾಡುವುದೆಂದು ಪ್ರಫುಲ್ಲಾ ಒಂದು ಸೇರು ಬೆಲ್ಲವನ್ನೂ ತಂದಿದ್ದಳು. ಪಕ್ಕದ ಚೌಕದ ಮಾರವಾಡಿ ಹೆಂಗಸು ಅದನ್ನು ಕಂಡು, ಧವಳಮತಿ ಮಾತಾಜಿಗೆ ಸಿಹಿಯೂ ತ್ಯಾಗ, ಉಪ್ಪೂ ತ್ಯಾಗ, ದೀಕ್ಷೆಯ ದಿನದಿಂದ ಮುಟ್ಟಿಲ್ಲ ಎಂದಳು.

"ಉಪ್ಪೂ ಇಲ್ಲ, ಬೆಲ್ಲಾನೂ ಇಲ್ಲ. ಮತ್ತ ಏನು ತಿಂತಾಳ, ಗಾಳಿ?" ಎಂದು ಪ್ರಫುಲ್ಲಾ ಗಂಡನ ಮೇಲೆ ಹಾಯ್ದಳು, ತ್ಯಾಗ ಮಾಡಿಸಿದವನು ಅವನೇ ಎಂಬಂತೆ. ಬೆಲ್ಲದ ಗಂಟನ್ನು ಮಾಶಿಮಾಳ ಗೂಡಿನಲ್ಲಿಟ್ಟು, ಹಾಲಿನಲ್ಲಿ ಬೆಂದ ಬರಿಯ ಗೋಧಿಯನ್ನೇ ಇಳಿಸಿದಳು.

ಒಂಬತ್ತೂವರೆಗೆ ಓಣಿಯಲ್ಲಿ ಸದ್ದಾಯಿತು. ಪ್ರಫುಲ್ಲಾ ಕಳಶದ ಮೇಲೆ ಕಾಯಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಮೊದಲು ಬಂದವರು ಸಂಘದ ಹಿರಿಯ ಮಾತಾಜಿ. ಪ್ರಫುಲ್ಲಾಳ ಕಂಠ ಗಂಟೆಯಂತೆ ಹೊರಟಿತು: ವಂದಾಮಿ ಮಾತಾಜಿ, ವಂದಾಮಿ ಮಾತಾಜಿ, ವಂದಾಮಿ ಮಾತಾಜಿ, ಅತ್ರ ತಿಷ್ಠ, ಅಂದರೆ ಇಲ್ಲಿ ನಿಲ್ಲಿರಿ. ಅವರು ಮುಂದೆ ಹೋಗಿ ಮಾರವಾಡಿಗಳ ಬಾಗಿಲಲ್ಲಿ ನಿಂತರು. ಎರಡನೆಯವರಿಗೂ ಹಾಗೇ ಕರೆದಳು, ಅವರೂ ಮುಂದೆ ಹೋದರು.

ಮೂರನೆಯವಳು ಜಲಜಾ. ಬೋಳಾದ ತಲೆಯ ಮೇಲೆ ಬಿಳಿ ಸೆರಗು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು, ಬಲಗೈ ಮಡಿಚಿ ಹೆಗಲ ಮೇಲೆ. ಕಣ್ಣು ನಾಲ್ಕು ಮೊಳ ಮುಂದಿನ ನೆಲದ ಮೇಲೆ. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಆದರೆ ನಡಿಗೆ ಅದೇ. ಬಲಗಾಲು ಒಂಚೂರು ಹೊರಗೆ ಹಾಕಿ ನಡೆಯುವ ಆ ನಡಿಗೆಯನ್ನು ಪ್ರಫುಲ್ಲಾ ಯಾವ ಜನಜಂಗುಳಿಯಲ್ಲೂ ಗುರುತು ಹಿಡಿಯುತ್ತಿದ್ದಳು.

ಅವಳು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆಯೇ.

"ಜಲೀ," ಎಂದಳು. "ಉಣ್ಣಾಕ ಬಾ."

ದೀಕ್ಷೆಯಾದವರನ್ನು ಹುಟ್ಟಿನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅದೂ ಹೊಸ್ತಿಲ ಮೇಲೆ ಕಳಶ ಹಿಡಿದು, ಏಕವಚನದಲ್ಲಿ. ಭರತೇಶ ಕಣ್ಣು ಮುಚ್ಚಿಕೊಂಡ. ಜಲಜಾಳ ಕಣ್ಣು ನೆಲದಿಂದ ಮೇಲೇಳಲಿಲ್ಲ. ಬಾಗಿಲು ದಾಟಿ ಹೋದಳು. ಮುಂದಿನ ಎರಡು ಚೌಕಗಳನ್ನೂ ದಾಟಿದಳು. ಓಣಿಯ ಕೊನೆ ಮುಟ್ಟಿ, ಅದೇ ದಾರಿಯಲ್ಲಿ ತಿರುಗಿ ಧರ್ಮಶಾಲೆ ಸೇರಿದಳು. ಅಂದು ಅವಳಿಗೆ ನೀರೂ ಇಲ್ಲ.

ಮಾರವಾಡಿ ಹೆಂಗಸು ಬಂದು ಪ್ರಫುಲ್ಲಾಳಿಗೆ ಚೆನ್ನಾಗಿ ಮಂಗಳಾರತಿ ಮಾಡಿದಳು. ಹೀಗೆ ಕರೆದದ್ದಕ್ಕೇ ಮಾತಾಜಿಯ ಊಟಕ್ಕೆ ಅಂತರಾಯವಾಯಿತು, ಇಷ್ಟು ವಯಸ್ಸಾದ ಹೆಂಗಸಿಗೆ ಏನು ಕರೆಯಬೇಕೆಂದು ಗೊತ್ತಿಲ್ಲವೇ ಎಂದಳು. ಕೊಲ್ಕತ್ತಾದಲ್ಲಿ ಪ್ರಫುಲ್ಲಾಳಿಗೆ ಆ ಪ್ರಶ್ನೆ ಕೇಳಿದ ಮೊದಲಿಗಳು ಅವಳೇ. ಪ್ರಫುಲ್ಲಾ ಕಳಶ ಒಳಗಿಟ್ಟು ಒಲೆ ಆರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಅವಳು ನೂರು ಸಲ ಆಡಿರಬೇಕು. ತನ್ನ ಕೈಯಿಂದಲೇ ಇನ್ನೊಬ್ಬರ ತುತ್ತು ತಪ್ಪಿದಾಗ ಹೇಗಿರುತ್ತದೆಂದು ಅಂದು ತಿಳಿಯಿತು.

ಆ ದಿನ ಅವಳೂ ಉಣ್ಣಲಿಲ್ಲ. ಕೂಸಿನ ಹೊಟ್ಟೆ ಖಾಲಿ ಇದೆ ಎಂಬುದೊಂದೇ ತಲೆಯಲ್ಲಿ. ಕೂಸಿಗೆ ನಲವತ್ತೊಂದು ವರ್ಷ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅದಕ್ಕಿಂತ ಚುಚ್ಚಿದ್ದು ಆ ನಡಿಗೆ. ಜಲೀ ಎಂಬ ಕೂಗಿಗೆ ಹೆಜ್ಜೆ ಒಂದು ಗೆರೆಯಷ್ಟೂ ತಡೆಯಲಿಲ್ಲ. ನಾಯಿ ಬೊಗಳಿದರೂ ಜನ ಇಷ್ಟು ಅಲಕ್ಷ್ಯ ಮಾಡುವುದಿಲ್ಲ.

ಮರುದಿನ ಕೊನೆಯ ದಿನ. ಅದರ ಮರುದಿನ ಬೆಳಿಗ್ಗೆ ಸಂಘ ಹೊರಡುವುದು. ಭರತೇಶ ಬಾವಿಯ ಹತ್ತಿರ ಬಂದು ನಿಂತ.

"ಇವತ್ತ ನಾ ಕರೀತೀನಿ. ನೀ ಸುಮ್ಮ ಕೈ ಮುಗದು ನಿಂದ್ರು."

ಪ್ರಫುಲ್ಲಾ ಹಗ್ಗ ಎಳೆಯುತ್ತಲೇ ಬೇಡವೆಂದು ತಲೆಯಾಡಿಸಿದಳು. ಅಂದವಳು ತಾನು, ನುಂಗಬೇಕಾದವಳೂ ತಾನೇ.

ಹಿಂದಿನ ದಿನದಂತೆಯೇ ಓಣಿಯಲ್ಲಿ ಸದ್ದಾಯಿತು. ಹಿರಿಯರಿಬ್ಬರೂ ದಾಟಿದರು. ಆಮೇಲೆ ಆ ನಡಿಗೆ ಕಾಣಿಸಿತು, ನಿನ್ನೆಗಿಂತ ನಿಧಾನವಾಗಿ. ತುಟಿಗಳು ಒಣಗಿ ಬೆಳ್ಳಗಾಗಿದ್ದವು. ಎರಡು ಹಗಲು ಎರಡು ರಾತ್ರಿ ನೀರಿಲ್ಲದ ತುಟಿ. ಅದನ್ನು ನೋಡಿದ ಪ್ರಫುಲ್ಲಾಳಿಗೆ ಹಸಿದು ನಿಂತವಳ ಮುಂದೆ ನನ್ನ ಹಠ ಎಷ್ಟರದು ಅನ್ನಿಸಿತು. ಅಷ್ಟು ಅನ್ನಿಸಿದ್ದೇ ತಡ, ಮಾತು ತಾನಾಗಿ ಬಂತು.

"ವಂದಾಮಿ ಮಾತಾಜಿ. ವಂದಾಮಿ ಮಾತಾಜಿ. ವಂದಾಮಿ ಮಾತಾಜಿ."

ಮಾತಾಜಿ ನಿಂತರು.

ನಿಂತದ್ದನ್ನು ಕಂಡು ಪ್ರಫುಲ್ಲಾಳಿಗೆ ಮುಂದೇನು ಎಂಬುದೇ ಮರೆಯಿತು. ಪೂರ್ವಿ ಹಿಂದಿನಿಂದ "ಮಮ್ಮಿ, ಪ್ರದಕ್ಷಿಣೆ" ಎಂದು ಪಿಸುಗುಟ್ಟಿದಳು. ಮೂವರೂ ಮೂರು ಸುತ್ತು ಬಂದರು, ಒಳಗೆ ಕರೆದೊಯ್ದರು, ಮಣೆಯ ಮೇಲೆ ಕೂರಿಸಿದರು. ಪ್ರಫುಲ್ಲಾ ತಾಟಿನಲ್ಲಿ ಪಾದ ಇರಿಸಿ ತೊಳೆದಳು. ಹಿಮ್ಮಡಿ ಬಿರುಕು ಬಿಟ್ಟು ಗದ್ದೆಯ ಮಣ್ಣಿನಂತಾಗಿತ್ತು. ಆ ನೀರನ್ನು ಕಟ್ಟಳೆಯಂತೆ ತಲೆಗೆ ಹಚ್ಚಿಕೊಂಡಳು. ತಾನು ಚಿಕ್ಕಂದಿನಲ್ಲಿ ಉಜ್ಜಿ ತೊಳೆಯುತ್ತಿದ್ದ ಕಾಲು ಇವು ಎಂಬ ಯೋಚನೆ ಬಂದು, ಕಣ್ಣು ಉರಿಯಿತು.

ಆಗ ಅವಳಿಗೆ ಭಯವಾಯಿತು. ಅಳು ಕೇಳಿದರೂ ಅಂತರಾಯ. ಉಣ್ಣುವವರ ಕಿವಿಗೆ ಅಳುವ ದನಿ ಬಿದ್ದರೆ ತಕ್ಷಣ ಅಂಜಲಿ ಬಿಡಬೇಕು, ಮತ್ತೆ ಮರುದಿನದವರೆಗೆ ನೀರಿಲ್ಲ. ತುತ್ತಿನಲ್ಲಿ ಒಂದು ಕೂದಲು ಬಂದರೂ ಅಷ್ಟೇ, ಒಂದು ಇರುವೆ ಬಂದರೂ ಅಷ್ಟೇ. ಅವಳು ತುಟಿ ಕಚ್ಚಿ ಹಿಡಿದಳು.

ಇನ್ನೊಂದು ಮೆಟ್ಟಿಲು ಉಳಿದಿತ್ತು. ಉಣಿಸುವವರು ಉಣಿಸುವ ಮೊದಲು ಬಾಯಿಬಿಟ್ಟು ಹೇಳಬೇಕು: ನನ್ನ ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಅನ್ನ ನೀರು ಶುದ್ಧ. ಹೇಳದೆ ಅವರು ಕೈ ಒಡ್ಡುವುದಿಲ್ಲ. ಸುಳ್ಳು ಹೇಳಿ ಉಣಿಸಿದರೆ ಪಾಪ. ಅಡುಗೆಯ ವಿಷಯದಲ್ಲಿ ಪ್ರಫುಲ್ಲಾಳಿಗೆ ಅನುಮಾನವಿರಲಿಲ್ಲ. ಮನಸ್ಸಿನದೇ ತೊಡಕು. ಅವಳು ಒಂದು ಕ್ಷಣ ನಿಂತು ಒಳಗೆ ತಡಕಾಡಿದಳು, ನೋಯುತ್ತಿದ್ದ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡುವ ಹಾಗೆ. ಇಲ್ಲಿ ಇರುತ್ತಿತ್ತು, ಹನ್ನೆರಡು ವರ್ಷ ಇಲ್ಲೇ ಇತ್ತು. ಈಗ ಕೈಗೆ ಸಿಗಲಿಲ್ಲ.

"ಮನಶುದ್ಧಿ," ಎಂದಳು, ಎಲ್ಲರಿಗೂ ಕೇಳುವಂತೆ. ಉಳಿದ ಮೂರೂ ಸರಾಗವಾಗಿ ಬಂದವು.

ಮಾತಾಜಿ ಎರಡೂ ಕೈ ಕೂಡಿಸಿ ಒಡ್ಡಿದರು. ಮೊದಲು ನೀರು, ಆಮೇಲೆ ಹಾಲು, ಆಮೇಲೆ ಉಪ್ಪಿಲ್ಲದ ಹೀರೇಕಾಯಿ ಪಲ್ಯ, ಚಪಾತಿಯ ಚೂರು, ಬೆಲ್ಲವಿಲ್ಲದ ಹುಗ್ಗಿ. ಒಂದೊಂದು ತುತ್ತನ್ನೂ ಅವರು ಹೆಬ್ಬೆರಳಿನಿಂದ ಸವರಿ ನೋಡಿ ಬಾಯಿಗಿಡುತ್ತಿದ್ದರು. ಪ್ರತಿ ಸಲ ಆ ಬೆರಳು ತಡೆದಾಗ ಪ್ರಫುಲ್ಲಾಳ ಉಸಿರೂ ತಡೆಯುತ್ತಿತ್ತು. ಪೂರ್ವಿ ನೀರಿನ ಚೊಂಬು ಹಿಡಿದು ಕಲ್ಲಾಗಿ ನಿಂತಿದ್ದಳು. ಭರತೇಶ ನೊಣ ಅಟ್ಟುವ ಕೆಲಸ ವಹಿಸಿಕೊಂಡು ಸಿಗ್ನಲ್ ವಿಭಾಗದ ಶ್ರದ್ಧೆಯನ್ನೆಲ್ಲ ಅಲ್ಲಿ ತೋರಿಸುತ್ತಿದ್ದ. ಹುಗ್ಗಿ ಇನ್ನೊಂದು ಸಲ ಬೇಕೆಂದು ಮಾತಾಜಿಯ ಅಂಜಲಿ ಸ್ವಲ್ಪ ಮುಂದೆ ಬಂತು. ಪ್ರಫುಲ್ಲಾ ಹಾಕಿದಳು. ಮತ್ತೊಮ್ಮೆ ಮುಂದೆ ಬಂತು, ಮತ್ತೂ ಹಾಕಿದಳು.

ಕೊನೆಗೆ ನೀರು ಕುಡಿದು ಮಾತಾಜಿ ಕೈ ಬಿಡಿಸಿದರು. ಊಟ ಮುಗಿಯಿತು. ಕೂದಲು ಬರಲಿಲ್ಲ, ಇರುವೆ ಬರಲಿಲ್ಲ, ಯಾರೂ ಅಳಲಿಲ್ಲ. ಪ್ರಫುಲ್ಲಾ ಗೋಡೆಗೆ ಒರಗಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಇಷ್ಟು ಹಗುರ ಅವಳಿಗೆ ಪೂರ್ವಿ ಹುಟ್ಟಿದ ದಿನವೂ ಅನ್ನಿಸಿರಲಿಲ್ಲ.

ಮೌನ ಬಿಟ್ಟ ಮೇಲೆ ಮಾತಾಜಿ ಪಿಂಛಿ ಎತ್ತಿ ಮೂವರನ್ನೂ ಹರಸಿದರು. ಪ್ರಫುಲ್ಲಾ ಕೈ ಮುಗಿದುಕೊಂಡೇ ನಿನ್ನೆಯದಕ್ಕೆ ಕ್ಷಮೆ ಕೇಳಿದಳು. ತನ್ನಿಂದ ಊಟ ತಪ್ಪಿತು, ತಾನು ಹಾಗೆ ಕರೆಯಬಾರದಿತ್ತು ಎಂದಳು.

"ನಿಮ್ಮದು ತಪ್ಪಿಲ್ಲ," ಎಂದರು ಮಾತಾಜಿ. ಆ 'ನಿಮ್ಮ' ಕೇಳಿ ಪ್ರಫುಲ್ಲಾ ತಲೆ ಎತ್ತಿದಳು. "ನಿನ್ನೆ ವಿಧಿ ನಿಮ್ಮ ಬಾಗಿಲಾಗೇ ಕೂಡಿತ್ತು. ನಿಂದ್ರಬೇಕಿತ್ತು. ಆ ಹೆಸರು ಕೇಳಿ ಮನಸು ಓಡಿ ಬಂತು, ಆಟ ಬಿಟ್ಟು ಓಡಿ ಬರತಿತ್ತಲ್ಲ, ಹಂಗ. ಹಂತಾ ಮನಸು ತಗೊಂಡು ಉಣ್ಣಬಾರದು. ಅದಕ್ಕ ನಾನ ಉಪವಾಸ ಹಿಡಿದೆ."

ಹಾಗಾದರೆ ಆ ಕೂಗು ಕೇಳಿಸಿತ್ತು. ಹೆಜ್ಜೆ ತಡೆಯದೆ ಹೋದದ್ದು ಕೇಳಿಸಿದ್ದರಿಂದಲೇ. ಅವಳು ಕೊನೆಗೂ ಆ ಇನ್ನೊಂದು ಪ್ರಶ್ನೆ ಕೇಳಿದಳು, ನಾಲ್ಕು ತಿಂಗಳು ಇದೇ ಊರಲ್ಲಿದ್ದೂ ತನ್ನನ್ನು ಯಾಕೆ ವಿಚಾರಿಸಲಿಲ್ಲ ಎಂದು.

ಮಾತಾಜಿ ಪಿಂಛಿಯ ಗರಿಗಳನ್ನು ಒಮ್ಮೆ ಸರಿಮಾಡಿಕೊಂಡರು.

"ಒಂದ್ ಸಲ ಕೇಳಾಕ ಸುರು ಮಾಡಿದ್ರ ದಿನಾ ಕೇಳಬೇಕಾಗತಿತ್ತು," ಎಂದರು.

ಆಮೇಲೆ ಎದ್ದರು. ಬಾಗಿಲವರೆಗೆ ಮೂವರೂ ಹಿಂದೆ ಹೋದರು. ಬಲಗಾಲು ಒಂಚೂರು ಹೊರಗೆ ಹಾಕುತ್ತ ಮಾತಾಜಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಪ್ರಫುಲ್ಲಾ ತುಟಿ ಬಿಗಿಹಿಡಿದು ನಿಂತಿದ್ದಳು. ಮರೆಯಾದರು, ಇನ್ನು ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ, ಮನಸಾರೆ ಅತ್ತಳು. ಪೂರ್ವಿ ಗಾಬರಿಯಾಗಿ ಅಪ್ಪನ ಮುಖ ನೋಡಿದಳು. ಭರತೇಶ, ಅಳಲಿ ಬಿಡು, ಇದು ಒಳ್ಳೆಯ ಅಳು ಎಂದ. ಅವನ ಮೂಗೂ ಕೆಂಪಾಗಿತ್ತು.

ಅಳುವ ಸದ್ದಿಗೆ ಮಾಶಿಮಾ ಕೋಲೂರಿಕೊಂಡು ಒಳಗಿನಿಂದ ಬಂದಳು. ಓಣಿಯ ತಿರುವಿನ ಕಡೆ ಗದ್ದ ಎತ್ತಿ ತೋರಿಸಿ ಮತ್ತದೇ ಪ್ರಶ್ನೆ ಕೇಳಿದಳು.

"ಉನಿ ತೋಮಾರ್ ಕೇ ಹೊನ್?" ಅವರು ನಿನಗೆ ಯಾರು?

ಪ್ರಫುಲ್ಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಮಾರ್ ಬೋನ್," ಎಂದಳು. "ನನ್ನ ತಂಗಿ. ಸಣ್ಣಾಕಿ."

ಕನ್ನಡ ಎಲ್ಲಿ ಮುಗಿಯಿತು ಬಂಗಾಳಿ ಎಲ್ಲಿ ಶುರುವಾಯಿತು ಎಂಬುದು ಇಬ್ಬರಿಗೂ ಬೇಕಾಗಿರಲಿಲ್ಲ. ಅವಳು ಹೊಟ್ಟೆ ತುಂಬ ಉಂಡಳು ಎಂದು ಪ್ರಫುಲ್ಲಾ ಕೈಸನ್ನೆ ಮಾಡಿ ಹೇಳಿದಳು, ಹುಗ್ಗಿ ಮೂರು ಸಲ ಹಾಕಿಸಿಕೊಂಡಳು ಎಂದೂ ಹೇಳಿದಳು. ಮಾಶಿಮಾ ಎಲ್ಲ ಕೇಳಿ ತಲೆಯಾಡಿಸಿ, ಮತ್ತೆ ನೀನು ಉಂಡೆಯಾ ಎಂದಳು.

ಆಗ ನೆನಪಾಯಿತು, ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಪ್ರಫುಲ್ಲಾ ಪಾತ್ರೆಯ ತಳದಲ್ಲಿ ಉಳಿದ ಹುಗ್ಗಿಯನ್ನು ತಟ್ಟೆಗೆ ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು, ಮುಖ ಸಿಂಡರಿಸಿದಳು. ಗೂಡಿನಲ್ಲಿದ್ದ ಬೆಲ್ಲದ ಗಂಟು ಬಿಚ್ಚಿ, ದೊಡ್ಡದೊಂದು ಹೆಂಟೆ ಮುರಿದು ಹಾಕಿಕೊಂಡು, ಮಾಶಿಮಾಳಿಗೂ ಒಂದು ಬಟ್ಟಲು ಕೊಟ್ಟು ಉಣ್ಣತೊಡಗಿದಳು.